ಪಂಕ ಪದ

ಅವರು ಯಾವ ಹಾಡನ್ನೂ ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ. ಗಿರಾಕಿ ಎದುರಿಗೆ ನಿಂತಿರಲಿ, ಟೇಪಿನಲ್ಲಿ ಬರುತ್ತಿರುವುದು ಯಾವುದೋ ಬೀಜದಂಗಡಿಯ ಜಾಹೀರಾತೇ ಆಗಿರಲಿ, ಮುಗಿಯುವ ತನಕ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಕೂತಿರುತ್ತಿದ್ದರು. ಮುಗಿದ ಮೇಲೆ ಗುಂಡಿ ಒತ್ತಿ, “ಹಾಂ, ಈಗ ಹೇಳ್ರಿ” ಎನ್ನುತ್ತಿದ್ದರು.

“ಕಾಕಾ, ನನ್ನ ಬಸ್ ಹೊಂಟೈತ್ರಿ.”

“ತಾಸಿಗೊಂದ ಬಸ್ ಐತಿ. ಕೂಡ್ರು.”

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದ್ದ ಆ ಅಂಗಡಿಗೆ ಬರುತ್ತಿದ್ದವರೆಲ್ಲ ಇದನ್ನು ಅವರ ಹುಚ್ಚೆಂದು ತಿಳಿದಿದ್ದರು. ಹುಚ್ಚಲ್ಲ ಎಂದು ಗೊತ್ತಿದ್ದವರು ಇಬ್ಬರೇ ಇರಬೇಕು. ಒಬ್ಬರು ಕಾಖಂಡಕಿಯಲ್ಲಿರುವ ಅವರ ತಂಗಿ. ಇನ್ನೊಬ್ಬಳು ನಾನು. ಅವರು ಹಾಡನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಎರಡು ಸಲಕ್ಕೂ ನಡುವೆ ಇಪ್ಪತ್ತೈದು ವರ್ಷ. ಎರಡು ಸಲವೂ ಅದೇ ಕ್ಯಾಸೆಟ್ಟು. ಕಳೆದ ತಿಂಗಳು ಅವರು ತೀರಿಕೊಂಡರು. ನಾನು ಕಣ್ಣಾರೆ ಕಂಡದ್ದು ಯಾವುದು, ಇತರರಿಂದ ಕೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆ ಮಾಡಿಯೇ ಇದನ್ನು ಬರೆಯುತ್ತಿದ್ದೇನೆ.

ಅವರು ಸಾರವಾಡದವರು. ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾಗುತ್ತಿತ್ತು. ಮೈಕ್ ಸೆಟ್ಟು ಬಾಡಿಗೆಗೆ ಕೊಡುವುದು, ಕ್ಯಾಸೆಟ್ ತುಂಬಿಕೊಡುವುದು ಅವರ ಉದ್ಯೋಗ. ಅವರಿಗಿಂತ ಹಿರಿಯರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ನಾನು ಟಿಕೋಟಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ವಿಜಯಪುರದಿಂದ ದಿನಾಲೂ ಬಸ್ಸಿನಲ್ಲಿ ಹೋಗಿಬರುವುದು. ಮಕ್ಕಳಿಗೆ ಕೇಳಿಸಲು ಪದ್ಯಗಳ ಕ್ಯಾಸೆಟ್ಟೊಂದರ ನಕಲು ಬೇಕಾಗಿ ಮೊದಲ ಸಲ ಅವರ ಅಂಗಡಿಗೆ ಹೋಗಿದ್ದೆ. ತುಂಬುವ ಮೊದಲು ಟೇಪಿನ ಬಾಯಿಯನ್ನು ಅರಳೆಯಿಂದ ಒರೆಸಿದರು. ಆಮೇಲೆ ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತೂರಿಸಿ ಸಡಿಲವಾದ ರೀಲನ್ನು ಮೆಲ್ಲಗೆ ಬಿಗಿದರು. ಹಸುಗೂಸಿನ ಕಿವಿ ಒರೆಸುವವರ ಕೈ ಹಾಗಿರುತ್ತದೆ.

ಅವರ ಜೊತೆ ಅವರ ತಮ್ಮ ಇದ್ದ. ಹತ್ತು ವರ್ಷ ಚಿಕ್ಕವನು. ತಂದೆತಾಯಿ ಹೋದ ಮೇಲೆ ಇವರೇ ಸಾಕಿದ್ದರು. ಇಬ್ಬರೂ ಅಂಗಡಿಯ ಅಟ್ಟದ ಮೇಲೆಯೇ ಮಲಗುತ್ತಿದ್ದರು. ತಮ್ಮ ಎರಡು ವರ್ಷ ಗೋವಾದ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದು ಬಂದಿದ್ದ. ಬರುವಾಗ ಒಂದು ಕ್ಯಾಸೆಟ್ ತಂದಿದ್ದ. ರೂಮು ಖಾಲಿ ಮಾಡುತ್ತಿದ್ದ ವಿದೇಶಿಯೊಬ್ಬ ಕೊಟ್ಟದ್ದಂತೆ. ಅದಕ್ಕೆ ಹೊದಿಕೆಯ ಕಾಗದವಿರಲಿಲ್ಲ, ಮೈಮೇಲಿನ ಅಕ್ಷರಗಳು ಕೈಬೆವರಿಗೆ ಅಳಿಸಿಹೋಗಿದ್ದವು.

“ಇದು ಪಂಕ್ ಅಣ್ಣಾ” ಎಂದಿದ್ದನಂತೆ.

ಹೆಸರಿಲ್ಲದ ಕ್ಯಾಸೆಟ್ಟು ಅಂಗಡಿಯಲ್ಲಿ ಇರುವುದನ್ನು ಅವರು ಸಹಿಸುತ್ತಿರಲಿಲ್ಲ. ಸ್ಕೆಚ್ ಪೆನ್ನು ತೆಗೆದು ಮುತ್ತಿನಂಥ ಅಕ್ಷರದಲ್ಲಿ ‘ಪಂಕ ಪದ’ ಎಂದು ಬರೆದರು. “ಪಂಕ ಅಂದ್ರ ಕೆಸರು. ಕೆಸರಿನ ಪದ. ಇಂಗ್ಲೀಷ್ ಮಂದಿ ಹೆಸರ ಚಲೋ ಇಟ್ಟಾರ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಒಬ್ಬ ಗಿರಾಕಿ ಮೇಲೆ ತಿರುಗುತ್ತಿದ್ದ ಫ್ಯಾನು ತೋರಿಸಿ, “ಪಂಖಾ ಇರಬೇಕ್ ನೋಡ್ರಿ ಕಾಕಾ, ಹಾಕಿದ ಕೂಡ್ಲೆ ಗರಗರ ಅಂತೈತಿ” ಎಂದಾಗ ನಾನು ಅಲ್ಲೇ ಇದ್ದೆ. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕ್ಯಾಸೆಟ್ಟುಗಳನ್ನು ಅವರು ಅಕ್ಷರಗಳ ಕ್ರಮದಲ್ಲಿ ಜೋಡಿಸುತ್ತಿದ್ದರು. ಗೀಗೀ ಪದ, ತತ್ವಪದ, ಪಂಕ ಪದ, ಭಜನಿ ಪದ. ಹಾಗಾಗಿ ಅದು ತತ್ವಪದ, ಭಜನೆಗಳ ನಡುವೆ ಸೇರಿಕೊಂಡಿತು.

ಇನ್ನು ಟಿಕೋಟಾದಲ್ಲಿ ಆದದ್ದು. ಇದನ್ನು ನಾನು ಕಣ್ಣಾರೆ ಕಂಡೆ.

ನಮ್ಮ ಹೆಡ್‌ಮಾಸ್ತರರ ತಂದೆ ತೀರಿಕೊಂಡಿದ್ದರು. ಬೆಳಿಗ್ಗೆ ಹತ್ತರ ಹೊತ್ತು. ಮೈತುಂಬ ವಿಭೂತಿ ಹಚ್ಚಿ ಶವವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ನಾನು ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂತಿದ್ದೆ. ಭಜನೆಯವರು ಬರುವ ತನಕ ತತ್ವಪದ ಹಚ್ಚಬೇಕೆಂದು ಮೈಕ್ ಸೆಟ್ಟಿಗೆ ಹೇಳಿಕಳಿಸಿದ್ದರು. ತಮ್ಮ ಬೇವಿನ ಮರವೇರಿ ಹಾರ್ನು ಕಟ್ಟುತ್ತಿದ್ದ. ಅಣ್ಣ ಕೆಳಗೆ ಕೂತು ಪೆಟ್ಟಿಗೆ ತೆರೆದರು. ಯಾರೋ ಹಿರಿಯರು ಏನೋ ಕೇಳುತ್ತಿದ್ದರು. ಅವರಿಗೆ ಉತ್ತರ ಕೊಡುತ್ತ, ‘ಪದ’ ಎಂಬುದನ್ನಷ್ಟೇ ನೋಡಿ ಒಂದು ಕ್ಯಾಸೆಟ್ ತೆಗೆದು ಹಾಕಿದರು. ಆ ಕೈಯನ್ನು ನಾನು ನೋಡಿದ್ದೇನೆ. ಅದು ಅಣ್ಣನ ಕೈ.

ಮೊದಲು ತಗಡು ಬಡಿದಂಥ ಸಪ್ಪಳ. ಅದರ ಮೇಲೆ ಗಿಟಾರು. ಅದರ ಮೇಲೆ ಯಾರೋ ಗಂಟಲು ಹರಿಯುವ ಹಾಗೆ ಕೂಗತೊಡಗಿದರು. ಮರದ ಮೇಲಿನ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಬಾಗಿಲ ಬಳಿ ಹಲಗಿ ಬಾರಿಸುವವರು ನಕ್ಕರು. “ಏ ಯಾವನಲೇ ಅಂವಾ! ಬಂದ್ ಮಾಡಲೇ!” ಎಂದು ಒಳಗಿಂದ ಕೂಗು ಬಂತು. ಅಣ್ಣ ಟೇಪಿನ ವೈರನ್ನೇ ಕಿತ್ತರು. ಹಾಡು ಅರ್ಧಕ್ಕೆ ನಿಂತಿತು.

ತಮ್ಮ ಮರದಿಂದ ಇಳಿದು ಬಂದ.

“ಏನ್ ತಂದಿಟ್ಟೀಯಲೇ ಪೆಟ್ಟಿಗ್ಯಾಗ! ಸತ್ತವರ ಮನಿ ಅನ್ನೂ ಖಬರ್ ಬ್ಯಾಡ?”

“ನಾ ಇಟ್ಟಿಲ್ಲಣ್ಣಾ. ಹೆಸರ ಬರದಾಂವ ನೀನ, ಹಾಕಿದಾಂವನೂ ನೀನ.”

ಅವರು ಹೊಡೆದರು. ಬಲಗೈಯಿಂದ ಒಂದೇ ಏಟು, ಕೆನ್ನೆಗೆ. ಟೇಪಿನ ವೈರು ಕಿತ್ತಿದ್ದರೂ ಮೈಕು ಚಾಲೂ ಇತ್ತು. ಆ ಏಟಿನ ಸಪ್ಪಳ ಬೇವಿನ ಮರದ ಮೇಲಿಂದ ಇಡೀ ಓಣಿಗೆ ಕೇಳಿಸಿತು.

ತಮ್ಮ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಕೈಯಲ್ಲಿದ್ದ ವೈರನ್ನು ಮೊಳಕೈಗೆ ಸುತ್ತಿ ಸುರುಳಿ ಮಾಡಿ, ಪೆಟ್ಟಿಗೆಯ ಪಕ್ಕ ಇಟ್ಟು, ಬಸ್ ಸ್ಟ್ಯಾಂಡಿನ ಕಡೆ ನಡೆದ. ನನ್ನ ಮುಂದೆಯೇ ಹಾದುಹೋದ. ‘ನಿಲ್ಲಪ್ಪಾ’ ಎನ್ನಬಹುದಿತ್ತು, ಅನ್ನಲಿಲ್ಲ. ಯಾವ ಬಸ್ಸು ಹತ್ತಿದ ಎಂಬುದನ್ನು ನಾನು ನೋಡಿಲ್ಲ. ಅವನಿಗೆ ಆಗ ಹತ್ತೊಂಬತ್ತು. ಅಣ್ಣ ಅವತ್ತಿನ ಕೆಲಸ ಪೂರ್ತಿ ಮುಗಿಸಿ, ಮಣ್ಣಾದ ಮೇಲೆ ಸೆಟ್ಟು ಬಿಚ್ಚಿಕೊಂಡು ಅಂಗಡಿಗೆ ಹೋದರು. ಅಟ್ಟದ ಮೇಲೆ ಯಾರೂ ಇರಲಿಲ್ಲ.

ಒಂದು ತಿಂಗಳಾದ ಮೇಲೆ ನಾನು ಅಂಗಡಿಗೆ ಹೋದೆ. ಹಾಡು ಮುಗಿಯುವ ತನಕ ಬಲಗೈ ಎತ್ತಿ ಕೂರುವ ರೂಢಿ ಆಗಲೇ ಶುರುವಾಗಿತ್ತು. ಅವರು ಗೋವಾಕ್ಕೆ ಹೋಗಿಬಂದಿದ್ದರು. ಹಳೆಯ ಹೋಟೆಲಿಗೆ ತಮ್ಮ ಹೋಗಿರಲಿಲ್ಲ. ಕಾಖಂಡಕಿಯ ತಂಗಿಯ ಮನೆಗೂ ಹೋಗಿರಲಿಲ್ಲ.

“ಅಕ್ಕಾರ, ಅವತ್ತ ನೀವು ಅಲ್ಲೇ ಇದ್ರಿ.”

“ಇದ್ದೆ.”

“ಈ ಗದ್ದಲದಾಗ ಅಂವ ಏನ್ ಕೇಳ್ತಿದ್ದ, ನನಗ ತಿಳೀಬೇಕ್ರಿ. ನಿಮಗ ಇಂಗ್ಲೀಷ್ ಬರ್ತೈತಿ. ಏನಂತಾರ, ನಮ್ಮ ಮಾತಿನ್ಯಾಗ ಬರಕೊಡ್ರಿ.”

ಒಂದು ನಕಲು ಮಾಡಿ ಕೊಟ್ಟರು. ಮನೆಗೆ ತಂದು ಮೂರು ವಾರ ಕೇಳಿದೆ. ಹದಿನಾಲ್ಕು ಹಾಡು, ಎಲ್ಲ ಸೇರಿ ಮುಕ್ಕಾಲು ತಾಸೂ ಇಲ್ಲ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳಿಗೆ ನಾಲ್ಕರಲ್ಲಿ ಒಂದು ಶಬ್ದವನ್ನೂ ಹಿಡಿಯಲಾಗಲಿಲ್ಲ. ನಾನು ಕಲಿತ ಇಂಗ್ಲಿಷ್ ಪುಸ್ತಕದ್ದು, ಅದು ಯಾರ ಗಂಟಲಿನಿಂದಲೂ ಹೀಗೆ ಹೊರಬಿದ್ದದ್ದನ್ನು ನಾನು ಕೇಳಿರಲಿಲ್ಲ. ಅವರಿಗೆ ಹೇಳಬೇಕಾಗಿದ್ದ ಮಾತು ಸಣ್ಣದು: ನನಗೆ ತಿಳಿಯುತ್ತಿಲ್ಲ. ಅದನ್ನು ಹೇಳಲು ನಾಚಿಕೆಯಾಯಿತು. ತಿಳಿದದ್ದನ್ನು ಬರೆದೆ, ಬೈಗುಳ ಬಿಟ್ಟೆ, ತಿಳಿಯದ ಕಡೆ ಇದ್ದಿರಬಹುದಾದದ್ದನ್ನು ತುಂಬಿದೆ.

ಕೊನೆಯ ಹಾಡಿನಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ರೀಲು ಸವೆದು ಆ ಸಾಲಿನ ಮೊದಲ ಅಕ್ಷರ ಪ್ರತಿ ಸಲವೂ ನುಂಗಿಹೋಗುತ್ತಿತ್ತು. ‘ನೋ ಒನ್ಸ್ ಕಮಿಂಗ್’ ಇರಬೇಕು, ಇಲ್ಲವೇ ‘ಸಮ್ ಒನ್ಸ್ ಕಮಿಂಗ್’. ಯಾರೂ ಬರುವುದಿಲ್ಲ, ಇಲ್ಲವೇ ಯಾರೋ ಬರುತ್ತಿದ್ದಾರೆ. ಹಿಂದಿನ ಹದಿಮೂರು ಹಾಡು ಕೇಳಿದವರಿಗೆ ಯಾವುದೆಂದು ಊಹಿಸುವುದು ಕಷ್ಟವಲ್ಲ. ನಾನೂ ಊಹಿಸಿದೆ. ಆಮೇಲೆ ಅವರ ಮುಖ ನೆನಪಾಯಿತು. ‘ಯಾರೋ ಬರಾಕತ್ತಾರ’ ಎಂದು ಬರೆದೆ.

ಅವರು ಅಂಗಡಿಯಲ್ಲೇ ನಿಂತು ಓದಿದರು. ಮಡಿಸಿ, ಕ್ಯಾಸೆಟ್ ಡಬ್ಬಿಯಲ್ಲಿ ಹೊದಿಕೆಯ ಕಾಗದ ಇರಬೇಕಾದ ಜಾಗದಲ್ಲಿ ಇಟ್ಟರು. ಸರಿಯಾಗಿ ಕೂತಿತು.

ಆಮೇಲಿನ ವರ್ಷಗಳಲ್ಲಿ ಆ ಕ್ಯಾಸೆಟ್ಟಿನ ಬಗ್ಗೆ ಅವರಷ್ಟು ಮಾತಾಡಿದವರನ್ನು ನಾನು ಕಂಡಿಲ್ಲ. ಮೂರನೆಯ ಹಾಡಿನಲ್ಲಿ ‘ಬೋರ್ಡ್, ಬೋರ್ಡ್’ ಎಂದು ಕೂಗುತ್ತಾರೆ. “ಬೋರ್ ಬೋರ್ ಅಂತಾರಲ್ರಿ ಅಕ್ಕಾರ, ಅವ್ರೂರಾಗೂ ಬೋರಿಗೆ ನೀರ ಬಿದ್ದಿಲ್ಲೇನ?” ಎಂದು ಕೇಳಿದರು. ಬೇಸರ ಬಂದಿದೆ ಎನ್ನುತ್ತಾರೆ ಎಂದು ಹೇಳಿದೆ. “ಬ್ಯಾಸರಕ್ಕ ಇಷ್ಟ ಒದರ್ತಾರ?” ಎಂದು ನಕ್ಕರು. ನಗು ಅಲ್ಲಿಗೇ ನಿಂತಿತು. “ಹೌದ್ ಬಿಡ್ರಿ. ನಮ್ಮಂವನೂ ಹಂಗ ಇದ್ದ. ಅಟ್ಟದ ಮ್ಯಾಲೆ ಕುಂತು ಗ್ವಾಡಿ ಗುದ್ದತಿದ್ದ. ಇಲಿ ಅಂತ ತಿಳಿದಿದ್ದೆ.”

ಹಾರ್ಮೋನಿಯಂ ಇಟ್ಟುಕೊಂಡು ಒಂದೊಂದೇ ಹಾಡಿನ ಸ್ವರ ಹುಡುಕಿದರು. “ಮೂರ ಜಾಗಾ ಅಷ್ಟ ನೋಡ್ರಿ. ಎಲ್ಲಾ ಹಾಡೂ ಈ ಮೂರರಾಗ ಮುಗೀತಾವು. ಇದನ್ನ ಬಾರಸೂ ಮಂದಿಗೆ ಸಂಗೀತ ಬರಂಗಿಲ್ರಿ. ಬರಂಗಿಲ್ಲ ಅಂತ ಅವ್ರಿಗೂ ಗೊತ್ತೈತಿ. ಗೊತ್ತಿದ್ದೂ ಬಾರಸ್ತಾರ, ಅದ ಇದರ ಗಮ್ಮತ್ತ.” ಇನ್ನೊಂದು ದಿನ ಹೇಳಿದರು: “ಇಷ್ಟ ಸರಳ ಇದ್ದದ್ದು ನನಗ ಗದ್ದಲ ಯಾಕ ಅನಿಸ್ತು?”

ಕೊನೆಯ ಹಾಡು ಅವರಿಗೆ ಬೇರೆಯೇ. ಉಳಿದವು ಎರಡು ಎರಡೂವರೆ ನಿಮಿಷದವು, ಓಡುವಂಥವು. ಇದು ಆರು ನಿಮಿಷದ್ದು, ಕಾಲೆಳೆದುಕೊಂಡು ಹೋಗುತ್ತದೆ. “ಹದಿಮೂರು ಹಾಡಿನ್ಯಾಗ ಕಲ್ಲ ಒಗೀತಾರ್ರಿ. ಕಡೀ ಹಾಡಿನ್ಯಾಗ, ಒಗದ ಕಲ್ಲ ಎಲ್ಲಿ ಬಿತ್ತು ಅಂತ ನೋಡಾಕ ಹೋಗ್ತಾರ.”

ಸಂಜೆ ಅಂಗಡಿ ಮುಚ್ಚುವ ಮುನ್ನ ದಿನಾಲೂ ಅದೊಂದು ಹಾಡು ಹಾಕುತ್ತಿದ್ದರು. ಬಲಗೈ ಎತ್ತಿ ಹಿಡಿದು, ಕಣ್ಣು ಓಣಿಯ ತುದಿಗೆ ನೆಟ್ಟು ಕೂತಿರುತ್ತಿದ್ದರು. ಮದುವೆಯಾಗಲಿಲ್ಲ. ಕ್ಯಾಸೆಟ್ಟಿನ ಕಾಲ ಹೋಯಿತು. ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಟ್ಟರು. ಆ ಕಾಲವೂ ಹೋಯಿತು. ಓಣಿ ಅಗಲ ಮಾಡುವಾಗ ಅಂಗಡಿಯ ಮುಂದಿನ ಅರ್ಧ ಕೆಡವಿದರು. ತಂಗಿಯ ಮಗ ಬಬಲೇಶ್ವರದ ಬಜಾರಿನಲ್ಲಿ ಒಳ್ಳೆಯ ಜಾಗ ನೋಡಿಕೊಟ್ಟ. ಅವರು ಹೋಗಲಿಲ್ಲ. ಉಳಿದ ಐದಡಿ ಜಾಗದಲ್ಲಿ ಗೋಡೆ ಎತ್ತಿ, ಹಳೆಯ ಬೋರ್ಡನ್ನೇ ಹಾಕಿಸಿದರು. ಸತ್ತುಹೋದ ಲ್ಯಾಂಡ್‌ಲೈನ್ ನಂಬರನ್ನೂ ಅಳಿಸಗೊಡಲಿಲ್ಲ. “ಬೋರ್ಡ್ ಬದಲಾದ್ರ ಬಂದಾಂವಗ ಗುರ್ತ ಹೆಂಗ ಸಿಗತೈತ್ರಿ?” ಎಂದು ಪೇಂಟರನನ್ನು ಗದರಿಸಿದ್ದು ನನಗೆ ಕೇಳಿಸಿತು. ಅವನಿಗೆ ಅದು ತಿಳಿಯಲಿಲ್ಲ. ನನಗೆ ತಿಳಿಯಿತು.

ಎರಡು ವರ್ಷದ ಹಿಂದೆ, ನನ್ನ ನಿವೃತ್ತಿಗೆ ಸ್ವಲ್ಪ ಮೊದಲು, ನಮ್ಮ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಮಾಸ್ತರರು ಇಂಥ ಹಾಡು ಕೇಳುತ್ತಾರೆಂದು ತಿಳಿಯಿತು. ನನ್ನ ಹತ್ತಿರವಿದ್ದ ನಕಲನ್ನು ತಂದು ಕೇಳಿಸಿದೆ. ಅವರು ಫೋನನ್ನು ಟೇಪಿನ ಹತ್ತಿರ ಹಿಡಿದರು. ಅರ್ಧ ನಿಮಿಷದಲ್ಲಿ ಆಲ್ಬಮ್ಮಿನ ಹೆಸರು, ತಂಡದ ಹೆಸರು, ಹೊದಿಕೆಯ ಚಿತ್ರ ಎಲ್ಲ ಬಂತು.

“ಮೇಡಮ್ಮಾರ, ಇದು ಭಾಳ ದೊಡ್ಡ ಆಲ್ಬಮ್ ರೀ! ಇದು ನಿಮ್ಮ ಕಡೆ ಹೆಂಗ ಬಂತು?”

ಆಮೇಲೆ ಅವರು ಕೊಟ್ಟದ್ದನ್ನೆಲ್ಲ ಓದಿದೆ. ಆ ತಂಡದವರ ದೇಶದಲ್ಲಿ ರಾಕ್ ಸಂಗೀತಗಾರರು ದೊಡ್ಡ ವಿದ್ವಾಂಸರಾಗಿ, ಒಂದೊಂದು ಹಾಡನ್ನು ಕಾಲು ತಾಸು ಎಳೆಯುತ್ತಿದ್ದ ಕಾಲವದು. ಕೆಲಸವಿಲ್ಲದ ಹುಡುಗರು ಅದು ತಮ್ಮದಲ್ಲ ಎಂದು ಸಿಟ್ಟಿಗೆದ್ದು, ವಾರದಲ್ಲಿ ಕಲಿತಷ್ಟನ್ನೇ ಹಿಡಿದು ವೇದಿಕೆ ಹತ್ತಿದರು. ಅದು ಪಂಕ್. ಅಂಥ ಆಲ್ಬಮ್ಮುಗಳು ಬಹಳ ಬಂದವು. ಹೆಚ್ಚಿನವು ಸಿಟ್ಟಿನಲ್ಲೇ ಹುಟ್ಟಿ ಸಿಟ್ಟಿನಲ್ಲೇ ಮುಗಿದವು. ಇದು ಮಾತ್ರ ಕೊನೆಯ ಹಾಡಿನಲ್ಲಿ ಸಿಟ್ಟನ್ನೇ ತಿರುಗಿ ನೋಡಿತು, ಮುಂದಿನವರು ಹಾಡಿದ್ದಕ್ಕೆ ದಾರಿ ಇಲ್ಲಿಂದ ಒಡೆಯಿತು ಎನ್ನುತ್ತಾರೆ. ಅಷ್ಟು ನಿಧಾನದ ಹಾಡು ಪಂಕೇ ಅಲ್ಲ, ಪಂಕಿಗೆ ಬಗೆದ ದ್ರೋಹ ಎನ್ನುವವರೂ ಇದ್ದಾರಂತೆ. ಓದುತ್ತ ನನಗೆ ಕಲ್ಲು ಹುಡುಕುವ ಮಾತು ನೆನಪಾಗುತ್ತಿತ್ತು. ಬಲ್ಲವರು ಪುಟಗಟ್ಟಲೆ ಬರೆದದ್ದನ್ನು ಕಾಕಾ ಇಂಗ್ಲಿಷ್ ಬಾರದೆ, ಐದಡಿ ಅಂಗಡಿಯಲ್ಲಿ ಕೂತು ಕಂಡುಕೊಂಡಿದ್ದರು.

ಫೋನಿನಲ್ಲಿ ಹಾಡಿನ ಸಾಲುಗಳೂ ಬಂದವು. ಕೊನೆಯ ಹಾಡಿನದು ‘ನೋ ಒನ್ಸ್ ಕಮಿಂಗ್’. ಫೋನಿನ ಸ್ವಚ್ಛ ಧ್ವನಿಯಲ್ಲಿ ಮೊದಲ ಅಕ್ಷರ ಸ್ಪಷ್ಟವಾಗಿ ಕೇಳಿಸಿತು.

ಎರಡು ವರ್ಷ ನಾನು ಅವರಿಗೆ ಹೇಳಲಿಲ್ಲ.

ಈ ವರ್ಷ ಅವರಿಗೆ ಎದೆನೋವು ಬಂತು. ಆಪರೇಷನ್ ತಡ ಮಾಡಬಾರದು, ಸೋಲಾಪುರಕ್ಕೆ ಹೋಗಬೇಕು, ಆಮೇಲೆ ಎರಡು ತಿಂಗಳು ತಂಗಿಯ ಮನೆಯಲ್ಲಿರಬೇಕು ಎಂದು ಡಾಕ್ಟರು ಹೇಳಿದರು. ಇವರು ಒಪ್ಪಲಿಲ್ಲ. ಒಂದು ದಿನ ಕಾಖಂಡಕಿಯ ತಂಗಿ ನನ್ನ ಮನೆಗೆ ಬಂದರು. ಸೆರಗನ್ನು ಬಾಯಿಗೆ ಹಿಡಿದುಕೊಂಡೇ ಮಾತಾಡಿದರು.

“ಅಂಗಡಿ ಬಾಗಲಾ ಹಾಕಂಗಿಲ್ಲ ಅಂತಾನ್ರಿ ನಮ್ಮಣ್ಣ. ಸಣ್ಣಾಂವ ಬಂದ್ರ ಯಾರನ್ನ ಕೇಳ್ಬೇಕು ಅಂತಾನ. ಇಪ್ಪತ್ತೈದ ವರ್ಷಾತ್ರಿ. ಅಂವ ಇನ್ನೆಲ್ಲಿ ಬರ್ತಾನ? ನಿಮ್ಮ ಮಾತ ಕೇಳ್ತಾನ ಅಕ್ಕಾರ, ನೀವರೆ ಹೇಳ್ರಿ.”

ಮರುದಿನ ಸಂಜೆ ಹೋದೆ. ಕೊನೆಯ ಹಾಡು ನಡೆದಿತ್ತು. ಕೈ ಎತ್ತಿ ಹಿಡಿದಿದ್ದರು. ಮುಗಿಯುವವರೆಗೆ ಕಾದರೆ ನನ್ನ ಧೈರ್ಯ ಉಳಿಯುವುದಿಲ್ಲ ಎಂದು ನಡುವೆಯೇ ಹೇಳಿದೆ.

“ಕಾಕಾ, ಆ ಸಾಲು ನಾನು ತಪ್ಪು ಬರದೀನ್ರಿ. ಯಾರೋ ಬರಾಕತ್ತಾರ ಅಂತ ಅಲ್ಲ. ಯಾರೂ ಬರಂಗಿಲ್ಲ ಅಂತ.”

ಅವರು ನನ್ನನ್ನು ನೋಡಿದರು. ಆಮೇಲೆ ಕೈ ಇಳಿಸಿ ಗುಂಡಿ ಒತ್ತಿದರು. ಹಾಡು ಅರ್ಧಕ್ಕೆ ನಿಂತಿತು.

“ಯಾವಾಗ ಗೊತ್ತಾತ್ರಿ ನಿಮಗ?”

“ಎರಡು ವರ್ಷಾತು.”

“ಬರಿಯೂವಾಗ?”

“ಬರಿಯೂವಾಗನೂ ಅನುಮಾನ ಇತ್ತು.”

ಬೈಯುತ್ತಾರೆಂದು ಕಾದೆ. ಅವರು ಡಬ್ಬಿ ತೆರೆದು ನನ್ನ ಕಾಗದ ತೆಗೆದರು. ಮಡಿಕೆಗಳಲ್ಲಿ ಹರಿದು, ಹಿಂದಿನಿಂದ ಬಿಳಿ ಟೇಪು ಅಂಟಿಸಿಕೊಂಡಿತ್ತು. ನನ್ನ ಕೈಗೆ ಕೊಟ್ಟರು.

“ಇದು ನಿಮ್ದ್ರಿ.”

ಆಮೇಲೆ ಕ್ಯಾಸೆಟ್ಟನ್ನು ತೆಗೆದು ಅದರ ಡಬ್ಬಿಗೆ ಹಾಕಿ, ಅದನ್ನೂ ಕೊಟ್ಟರು. “ಹೊರಗ ಬರ್ರಿ ಅಕ್ಕಾರ, ಬಾಗಲಾ ಹಾಕ್ತೀನಿ.” ಶಟರು ಎಳೆದು, ಬಗ್ಗಿ, ಕೀಲಿ ಹಾಕಿದರು. ಓಣಿಯ ತುದಿಯ ಕಡೆ ನೋಡಲಿಲ್ಲ.

ಸೋಲಾಪುರದಲ್ಲಿ ಆಪರೇಷನ್ ಆಯಿತು. ಆರನೆಯ ದಿನ ತೀರಿಕೊಂಡರು. ಏನಾಯಿತೆಂದು ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ. ತಂಗಿ ಹೇಳಿದ್ದು ಇಷ್ಟು: ಮಾತು ಬಹಳ ಕಡಿಮೆಯಾಗಿತ್ತು, ಬಾಗಿಲ ಕಡೆ ಬೆನ್ನು ಮಾಡಿ ಮಲಗುತ್ತಿದ್ದರು. ಸಾರವಾಡದಲ್ಲಿ ಮಣ್ಣಾಯಿತು. ಹೋಗಿದ್ದೆ. ಬೇರೆ ಯಾರದೋ ಮೈಕ್ ಸೆಟ್ಟಿನಲ್ಲಿ ತತ್ವಪದ ಹಚ್ಚಿದ್ದರು. ಗುಂಡಿ ಒತ್ತಿ ಒತ್ತಿ ಒಂದನ್ನೂ ಪೂರ್ತಿ ಹಾಡಗೊಡಲಿಲ್ಲ.

ಹತ್ತು ದಿನದ ಮೇಲೆ ಗುಡಿಗೆ ಹೋದವಳು ಆ ಓಣಿಗೆ ಹೋದೆ. ಅಂಗಡಿಯ ಎದುರಿಗೆ ಒಬ್ಬ ಚಹಾ ಮಾರುತ್ತಾನೆ. ಬಂದು ಏಳೆಂಟು ವರ್ಷವಾಗಿರಬೇಕು. ತಮ್ಮನ ವಿಷಯ ಅವನಿಗೆ ಗೊತ್ತಿರಲಿಲ್ಲ.

“ಕಾಕಾ ಹೋದ್ರಂತಲ್ರಿ. ಅವ್ರ ದವಾಖಾನ್ಯಾಗಿದ್ದಾಗ ಒಬ್ಬಾಂವ ಬಂದಿದ್ದ ನೋಡ್ರಿ.”

“ಯಾರು?”

“ಯಾರಿಗ್ಗೊತ್ರಿ. ನಲವತ್ತೈದರ ಮನಷ್ಯಾ ಇರಬೇಕು, ಗಡ್ಡ ಬೆಳ್ಳಗಾಗಿತ್ತು. ಹೆಗಲಿಗೊಂದ ಚೀಲ. ಭಾಳೊತ್ತ ಬೋರ್ಡ್ ನೋಡಕೋತ ನಿಂತ. ಶಟರ್ ಮ್ಯಾಲೆ ಕೈ ಇಟ್ಟ. ಆಮ್ಯಾಲೆ ಇಲ್ಲೇ ಕುಂತು ಚಾ ಕುಡ್ದ. ‘ಬೋರ್ಡ್ ಹಂಗ ಐತಲ್ಲ’ ಅಂದ.”

“ಮತ್ತೇನಂದ?”

“ಅಂಗಡಿ ಎಷ್ಟಕ್ಕ ತೆಗೀತಾರ ಅಂದ. ಇನ್ನ ತೆಗಿಯಂಗಿಲ್ರಿ, ಬಂದ್ ಮಾಡ್ಕೊಂಡ ಹೋಗ್ಯಾರ ಅಂದೆ. ಅವತ್ತ ಗಿರಾಕಿ ಭಾಳ ಇತ್ರಿ. ಹೊಳ್ಳಿ ನೋಡೂದ್ರಾಗ ಇರಲಿಲ್ಲ.”

ತಂಗಿಗೆ ಫೋನು ಮಾಡಿದೆ. ಕಾಖಂಡಕಿಗೆ ಯಾರೂ ಬಂದಿಲ್ಲ. ಸಾರವಾಡದಲ್ಲೂ ವಿಚಾರಿಸಿದರು, ಅಲ್ಲಿಗೂ ಯಾರೂ ಹೋಗಿಲ್ಲ. ಬಂದವನು ತಮ್ಮನೇ ಎಂದು ಹೇಳಲು ನನ್ನ ಬಳಿ ಏನೂ ಇಲ್ಲ. ಅಲ್ಲ ಎಂದು ಹೇಳಲೂ ಏನೂ ಇಲ್ಲ.

ಮರುದಿನ ಒಂದು ರಟ್ಟಿನ ಮೇಲೆ, ಕಾಕಾ ತೀರಿಕೊಂಡರೆಂದೂ, ಮಣ್ಣು ಮಾಡಿದ್ದು ಸಾರವಾಡದಲ್ಲೆಂದೂ, ಕ್ಯಾಸೆಟ್ಟು ನನ್ನ ಬಳಿ ಇದೆಯೆಂದೂ ಬರೆದು, ಕೆಳಗೆ ನನ್ನ ಫೋನ್ ನಂಬರು ಹಾಕಿದೆ. ಎರಡು ಸಲ ಓದಿ ನೋಡಿದೆ. ಗೊತ್ತಿಲ್ಲದ್ದು ಒಂದೂ ಅದರಲ್ಲಿರಲಿಲ್ಲ. ಬೋರ್ಡಿನ ಕೆಳಗೆ ಶಟರಿಗೆ ಕಟ್ಟುವಾಗ ಚಹಾದವನು ಬಂದು ದಾರದ ತುದಿ ಹಿಡಿದುಕೊಂಡ.

“ಅಂವ ಹೊಳ್ಳಿ ಬರ್ತಾನೇನ್ರಿ ಅಕ್ಕಾರ?”

ನಾನು ಗಂಟು ಬಿಗಿದೆ.

“ನನಗ ತಿಳೀವಲ್ದಪಾ” ಎಂದೆ.